ನೀರಿನಿಂದ ಎದ್ದು ಬಂದ ಪದ

ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುತ್ತದೆ. ಬೇಸಿಗೆಗೆ ನೀರಿಳಿದಂತೆ ಅದರ ಕಮಾನುಗಳು, ಕಂಬಗಳು, ಗೋಡೆಗಳು ಮತ್ತೆ ಮೇಲೇಳುತ್ತವೆ. ಇಂಗ್ಲಿಷಿನ ‘ಎಮರ್ಜ್’ ಎಂಬ ಪದ ಹುಟ್ಟಿದ್ದು ಇಂಥ ನೋಟದಿಂದಲೇ. ಲ್ಯಾಟಿನ್ನಿನ ‘ಮೆರ್ಗೆರೆ’ ಎಂದರೆ ಮುಳುಗು, ಅದ್ದು. ಅದರ ಹಿಂದೆ ‘ಹೊರಗೆ’ ಎಂಬರ್ಥದ ‘ಎ’ ಸೇರಿದಾಗ ಮುಳುಗಿದ್ದು ಮೇಲೆ ಬಂತು ಎಂದಾಯಿತು. ‘ಮರ್ಜ್’, ‘ಸಬ್‌ಮರ್ಜ್’ ಎಲ್ಲವೂ ಒಂದೇ ಬೇರಿನ ಚಿಗುರುಗಳು. ಆದ್ದರಿಂದಲೇ ಎಮರ್ಜ್ ಎಂಬಲ್ಲಿ ಬರಿಯ ಹೊರಬರುವಿಕೆಯಷ್ಟೇ ಇಲ್ಲ, ಅಲ್ಲಿಯವರೆಗೆ ಮರೆಯಲ್ಲಿತ್ತು ಎಂಬ ಸೂಚನೆಯೂ ಇದೆ.

ವ್ಯಾಕರಣದಲ್ಲಿ ಇದು ಅಕರ್ಮಕ ಕ್ರಿಯಾಪದ. ಯಾರೂ ಯಾವುದನ್ನೂ ‘ಎಮರ್ಜ್’ ಮಾಡಲಾಗದು. ಅದು ತಾನಾಗಿಯೇ ಆಗಬೇಕು. ‘ಎಮರ್ಜೆನ್ಸಿ’ಯೂ ಇದರ ಒಡಹುಟ್ಟು. ಇದ್ದಕ್ಕಿದ್ದಂತೆ ಮೇಲೆದ್ದು ಎದುರು ನಿಂತ ಸಂಗತಿ ಎಂಬುದೇ ‘ತುರ್ತು’ ಎಂಬ ಅರ್ಥಕ್ಕೆ ತಿರುಗಿತು. ತುರ್ತುಪರಿಸ್ಥಿತಿ ಘೋಷಣೆಯಾದ 1975ರ ಜೂನ್ 25ರ ರಾತ್ರಿಯ ನಂತರ ಆ ಪದವನ್ನು ಅರ್ಥ ಹೇಳಿಕೊಡದೆಯೇ ಇಡೀ ದೇಶ ಕಲಿತುಕೊಂಡಿತು.

ಈ ಪದಕ್ಕೆ ಆಳ ಬಂದದ್ದು ತತ್ವಶಾಸ್ತ್ರದಲ್ಲಿ. ಬಿಡಿಭಾಗಗಳಲ್ಲಿ ಎಲ್ಲಿಯೂ ಇಲ್ಲದ ಗುಣ ಅವು ಕೂಡಿದಾಗ ತೋರುವುದನ್ನು ‘ಎಮರ್ಜೆಂಟ್’ ಎಂದು ಕರೆದವನು ಇಂಗ್ಲೆಂಡಿನ ಜಾರ್ಜ್ ಹೆನ್ರಿ ಲೂಯಿಸ್, 1875ರಲ್ಲಿ. ಜಲಜನಕವನ್ನೂ ಆಮ್ಲಜನಕವನ್ನೂ ಎಷ್ಟು ಪರೀಕ್ಷಿಸಿದರೂ ಅವುಗಳಲ್ಲಿ ನೀರಿನ ಒದ್ದೆತನ ಸಿಗದು. 1972ರಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಇದೇ ವಿಚಾರವನ್ನು ಮತ್ತೆ ಎತ್ತಿ ಹಿಡಿದರು. ಆದರೆ ನಮ್ಮ ಭೌತವಾದಿ ಚಾರ್ವಾಕರ ವಾದವೂ ಇದೇ ಜಾಡಿನದು, ಅದೂ ಎಷ್ಟೋ ಶತಮಾನಗಳ ಮುಂಚೆ! ಎಲೆ, ಅಡಿಕೆ, ಸುಣ್ಣ ಬೆರೆತಾಗ ಕೆಂಪು ಹುಟ್ಟುವಂತೆ, ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ಮಾತೆಂದು ಹಳೆಯ ಸಂಸ್ಕೃತ ಗ್ರಂಥಗಳು ದಾಖಲಿಸಿವೆ. ಹದಿನಾಲ್ಕನೆಯ ಶತಮಾನದ, ವಿಜಯನಗರ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ಅಲ್ಲಿ ಬರುವುದು ಹುಳಿತಾಗ ಹುಟ್ಟುವ ಮದ್ಯದ ಅಮಲಿನ ಉದಾಹರಣೆ. ಆ ಅಧ್ಯಾಯವನ್ನು ಓದುವಾಗ ನನಗೆ ಲೂಯಿಸ್ ಹೊಸದೇನನ್ನೋ ಕಂಡುಹಿಡಿದ ಎನ್ನಿಸುವುದಿಲ್ಲ. ಹಳೆಯ ಅರಿವಿಗೆ ಒಳ್ಳೆಯ ಹೆಸರಿಟ್ಟ ಎನ್ನಿಸುತ್ತದೆ.

ನನ್ನ ತಕರಾರು ಇರುವುದು ಈ ಪದವನ್ನು ನಾವು ಕನ್ನಡಕ್ಕೆ ತಂದುಕೊಂಡ ಬಗೆಯಲ್ಲಿ. ಪತ್ರಿಕೆ, ಟಿ.ವಿ.ಗಳಲ್ಲಿ ಎಲ್ಲವೂ ‘ಹೊರಹೊಮ್ಮುತ್ತದೆ’. 2018ರ ವಿಧಾನಸಭಾ ಚುನಾವಣೆಯಲ್ಲಿ 104 ಸ್ಥಾನ ಗೆದ್ದ ಬಿಜೆಪಿ ‘ಅತಿದೊಡ್ಡ ಪಕ್ಷವಾಗಿ ಹೊರಹೊಮ್ಮಿತು’. ಬೆಂಗಳೂರು ಐಟಿ ರಾಜಧಾನಿಯಾಗಿ ‘ಹೊರಹೊಮ್ಮುತ್ತದೆ’, ಯಾರೋ ಆಟಗಾರ ನಾಯಕನಾಗಿ ‘ಹೊರಹೊಮ್ಮುತ್ತಾನೆ’. ಹೊಮ್ಮುವುದು ಮಲ್ಲಿಗೆಯ ಕಂಪು, ಒಗ್ಗರಣೆಯ ಘಮ, ಕೊರಳಿನ ದನಿ. ಅಲ್ಲಿ ಒಳಗಿನಿಂದ ಉಕ್ಕಿ ಹರಡುವ ಒಂದು ತುಂಬುತನವಿದೆ. ಸ್ಥಾನಗಳ ಲೆಕ್ಕಾಚಾರಕ್ಕೆ ಅದು ಒಗ್ಗುವುದಿಲ್ಲ.

ಕನ್ನಡಕ್ಕೆ ಈ ಬಡತನ ಬೇಕಿಲ್ಲ. ಚಂದ್ರ ಮೂಡುತ್ತಾನೆ, ಮೊಳಕೆ ಒಡೆಯುತ್ತದೆ, ಒರತೆ ಜಿನುಗುತ್ತದೆ, ಹಗರಣ ಬೆಳಕಿಗೆ ಬರುತ್ತದೆ. ಗ್ರಹಣದಿಂದ ಬಿಡುಗಡೆಯಾಗುವುದನ್ನು ಪಂಚಾಂಗ ‘ಮೋಕ್ಷ’ ಎನ್ನುತ್ತದೆ. ಎಂಥ ಪದ! ಸುದ್ದಿಮನೆಯ ಗೆಳೆಯರಲ್ಲಿ ಒಂದು ಬಿನ್ನಹ: ಮುಂದಿನ ಚುನಾವಣೆಯ ಫಲಿತಾಂಶ ಬರೆಯುವಾಗ ‘ಅತಿದೊಡ್ಡ ಪಕ್ಷವಾಯಿತು’ ಎಂದಷ್ಟೇ ಬರೆಯಿರಿ, ‘ಹೊಮ್ಮು’ವನ್ನು ಮಲ್ಲಿಗೆಗೆ ಬಿಟ್ಟುಕೊಡಿ.