ಬೆಳಕು ನಡೆಸುವ ಏತ

ಹಾಲು ಒಡೆದಾಗ ಬೇರ್ಪಡುವ ತಿಳಿನೀರಿಗೆ ಹಸಿರು ಬೆರೆತ ಹಳದಿ ಛಾಯೆ ಇರುವುದನ್ನು ನೀವು ಕಂಡಿರಬಹುದು. ಆ ಬಣ್ಣ ರೈಬೋಫ್ಲೇವಿನ್ ಎಂಬ ಜೀವಸತ್ವದ್ದು. ಇದನ್ನೂ ಇದರ ಬಂಧುಗಳನ್ನೂ ಫ್ಲೇವಿನ್‌ಗಳೆನ್ನುತ್ತಾರೆ. ನೀಲಿ ಬೆಳಕನ್ನು ಹೀರಿದ ಫ್ಲೇವಿನ್ ಅಣು ನೆರೆಯ ಅಣುವಿನಿಂದ ಎಲೆಕ್ಟ್ರಾನನ್ನು ಸೆಳೆದುಕೊಳ್ಳಬಲ್ಲದು.

ಪುತ್ತೂರು, ಸುಳ್ಯ, ಕಡಬಗಳ ಅಡಕೆ ತೋಟಗಳಿಗೆ ಹಿಂದೆ ಏತದಿಂದ ನೀರೆತ್ತುತ್ತಿದ್ದರು. ಎತ್ತಿದ ನೀರು ಮರಳಿ ಕೆರೆಗೇ ಸುರಿದರೆ ಶ್ರಮವೆಲ್ಲ ವ್ಯರ್ಥ. ದಂಡೆಯಾಚೆಯ ಕಣಿಗೆ ಬಿದ್ದರೆ ಮಾತ್ರ ತೋಟಕ್ಕೆ ನೀರು. ಎಲೆಕ್ಟ್ರಾನಿನ ಸಂಗತಿಯೂ ಹೀಗೆಯೇ. ಬೆಳಕು ಅದನ್ನು ಎತ್ತುತ್ತದೆ. ಆದರೆ ಅದು ಹೊರಟಲ್ಲಿಗೇ ಹಿಂದಿರುಗಿದರೆ ಬೆಳಕಿನ ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ಅಡಕೆಯ ಎಲೆಯಲ್ಲಿ ಬೆಳಕನ್ನು ಹೀರುವುದು ಪತ್ರಹರಿತ್ತು. ದಂಡೆಯಾಗಿ ನಿಲ್ಲುವುದು ಒಂದು ತೆಳುವಾದ ಪೊರೆ.

ಇಂತಹ ಪೊರೆಯನ್ನು ಕೃತಕವಾಗಿಯೂ ಕಟ್ಟಬಹುದು. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬಿನ ಜಾತಿಯ ವಸ್ತು ನೀರಿನಲ್ಲಿ ತಾನಾಗಿಯೇ ಇಪ್ಪದರದ ಗುಳ್ಳೆಗಳಾಗುತ್ತದೆ. ಆಂಗ್ಲ ವಿಜ್ಞಾನಿ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಇದನ್ನು ವಿವರಿಸಿದರು. ಒಂದು ಪೊರೆಯ ದಪ್ಪ ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲೊಂದು ಪಾಲು ಮಾತ್ರ! ಅದರಲ್ಲಿ ಫ್ಲೇವಿನ್ ನೆಟ್ಟು, ಹೊರಗೆ ಎಲೆಕ್ಟ್ರಾನ್ ಕೊಡುವ ವಸ್ತುವನ್ನೂ ಒಳಗೆ ಅದನ್ನು ಪಡೆಯುವ ವಸ್ತುವನ್ನೂ ಇರಿಸಿ ನೀಲಿ ಬೆಳಕು ಬೀರಿದರೆ, ಒಳಗಿನ ವಸ್ತುವಿನ ಬಣ್ಣ ಬದಲಾಗುತ್ತದೆ. ಎಲೆಕ್ಟ್ರಾನ್ ದಂಡೆಯನ್ನು ದಾಟಿದುದಕ್ಕೆ ಅದೇ ಕುರುಹು.

ಆದರೆ ಈ ಏತಕ್ಕೆ ಆಯುಸ್ಸು ಕಡಿಮೆ. ನಡುವೆ ಆಮ್ಲಜನಕ ಸುಳಿದರೆ ಎಲೆಕ್ಟ್ರಾನನ್ನು ಅದೇ ಕಸಿದುಕೊಳ್ಳುತ್ತದೆ. ಪ್ರಖರ ಬೆಳಕಿನಲ್ಲಿ ಫ್ಲೇವಿನ್ ತಾನೇ ಒಡೆಯುತ್ತದೆ. ಬಿಸಿಲಿನಲ್ಲಿಟ್ಟ ಹಾಲಿನಲ್ಲಿ ಆ ಜೀವಸತ್ವ ನಶಿಸುವುದೂ ಇದರಿಂದಲೇ. ಜೀವಂತ ಎಲೆ ತನ್ನ ಸವೆದ ಭಾಗಗಳನ್ನು ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಗುಳ್ಳೆಗೆ ಅದು ಸಾಧ್ಯವಿಲ್ಲ.