ಮುಪ್ಪಿನಲ್ಲಿ ಹೃದಯದ ಕಸುವು

ನಮ್ಮ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಈ ಕಾಯಕಕ್ಕೆ ಬೇಕಾದ ಶಕ್ತಿಯನ್ನು ಅದರ ಸ್ನಾಯುಕೋಶಗಳು ಆಮ್ಲಜನಕದ ನೆರವಿನಿಂದ ಪಡೆಯುತ್ತವೆ. ಒಲೆ ಉರಿದಲ್ಲಿ ಹೊಗೆ ಏಳುವಂತೆ, ಆಗ ಕೋಶಕ್ಕೆ ಹಾನಿ ಮಾಡುವ ಉಗ್ರ ಕಣಗಳೂ ಹುಟ್ಟುತ್ತವೆ. ಯೌವನದಲ್ಲಿ ದೇಹದ ಕಿಣ್ವಗಳು ಅವನ್ನು ಶಮನಗೊಳಿಸುತ್ತವೆ. ಮುಪ್ಪಿನಲ್ಲಿ ಆ ಸಾಮರ್ಥ್ಯ ಕುಗ್ಗುತ್ತದೆ. ಇದೇ ಉತ್ಕರ್ಷಣ ಒತ್ತಡ. ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುವುದು ಅತಿ ವಿರಳವಾದ್ದರಿಂದ ಹಾನಿಯು ಸಂಚಯಗೊಂಡು ಸ್ನಾಯು ಬಿಗಿಯುತ್ತದೆ.

ಗುಳಿಗೆಯೊಂದೇ ಇದಕ್ಕೆ ಮದ್ದಲ್ಲ. 2000ರಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದಲ್ಲಿ ವಿಟಮಿನ್ ಇ ಸೇವನೆಯಿಂದ ಹೃದಯಾಘಾತಗಳು ತಗ್ಗಲಿಲ್ಲ. ನಿತ್ಯ ನಡಿಗೆ, ತಂಬಾಕಿನ ತ್ಯಾಗ, ರಕ್ತದೊತ್ತಡದ ನಿಯಂತ್ರಣ, ಮಿತವಾದ ಉಪ್ಪು ಇವೇ ಹೃದಯದ ರಕ್ಷೆ. ಬೇವೂರಿನ ಸೀಮೆಯ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪುಗಳನ್ನು ನಾವು ಬಿಡದಿರೋಣ. ಮೆಟ್ಟಿಲೇರುವಾಗ ಏದುಸಿರು, ಪಾದಗಳಲ್ಲಿ ಬಾವು ಕಂಡರೆ, ವಯಸ್ಸಿನ ಸಹಜ ಧರ್ಮವೆಂದು ಸುಮ್ಮನಿರದೆ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ.