ವ್ಯಾಪಾರದ ವ್ಯಾಜ್ಯ ನಡೆಸುವ ವಕೀಲರು: ಕಾನೂನು ಓದಬಯಸುವ ಮಕ್ಕಳಿಗೆ ಪರಿಚಯ

ವಕೀಲರೆಂದರೆ ಕ್ರಿಮಿನಲ್ ಕೇಸು, ಜಮೀನಿನ ತಕರಾರು ಎಂದೇ ಹಲವರ ತಿಳುವಳಿಕೆ. ವಾಣಿಜ್ಯ ವ್ಯಾಜ್ಯವೂ ಒಂದು ಪ್ರತ್ಯೇಕ ಶಾಖೆ. ಉಮ್ಮಚಗಿ, ಯಲ್ಲಾಪುರ, ಶಿರಸಿ ಕಡೆಯವರಾದ ನಮಗೆ ಅದು ದೂರದ ಮಾತಲ್ಲ. ಉದ್ರಿ ಕೊಟ್ಟ ಅಡಿಕೆಯ ಹಣ ಬಾರದಿದ್ದರೆ, ಪಾಲುದಾರಿಕೆ ಮುರಿದರೆ, ಕಟ್ಟಡ ಗುತ್ತಿಗೆಯ ಬಿಲ್ಲು ನಿಂತರೆ, ಅಂಗಡಿಯ ವಿಮೆ ಹಣ ಸಿಗದಿದ್ದರೆ ಇವರೇ ಬೇಕು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಮೊದಲು ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯಗಳಿಗಷ್ಟೇ ಅನ್ವಯಿಸುತ್ತಿತ್ತು. 2018ರ ತಿದ್ದುಪಡಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿತು. ಸಣ್ಣ ವ್ಯಾಪಾರಿಗೂ ಬಾಗಿಲು ತೆರೆಯಿತು. ತುರ್ತು ಪರಿಹಾರ ಕೋರದ ದಾವೆಗೆ ಮೊದಲು ಮಧ್ಯಸ್ಥಿಕೆಯ ಯತ್ನ ಕಡ್ಡಾಯ. ಸಮನ್ಸ್ ತಲುಪಿ 120 ದಿನ ಕಳೆದರೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕು ಕಳೆದುಕೊಳ್ಳುತ್ತಾನೆ. ಮಾರಿದ ಸರಕಿನ ಬಾಕಿಗೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಹೀಗಾಗಿ ವಾದಕ್ಕಿಂತ ಮೊದಲಿನ ಕೆಲಸ ಬಿಲ್ಲು, ಖಾತೆ ಪುಸ್ತಕ, ಕರಾರು ಪತ್ರ, ವಾಟ್ಸಾಪ್ ಸಂದೇಶಗಳನ್ನು ಜೋಡಿಸುವುದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಕಲಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಪಿಯುಸಿ ನಂತರ 5 ವರ್ಷ, ಇಲ್ಲವೇ ಪದವಿಯ ನಂತರ 3 ವರ್ಷ ಕಾನೂನು ಓದಬೇಕು. ಬಳಿಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ, ಹಿರಿಯ ವಕೀಲರ ಬಳಿ ಕೆಲಸ ಕಲಿಕೆ. ವಾಣಿಜ್ಯ ವಿಭಾಗದಲ್ಲಿ ಓದಿದವರಿಗೆ ಲೆಕ್ಕಪತ್ರದ ಜ್ಞಾನ ನೆರವಾಗುತ್ತದೆ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಉತ್ತರ ಕನ್ನಡವೂ ಸೇರಿದ ಹೈಕೋರ್ಟ್ ಪೀಠ 2013ರಿಂದ ಧಾರವಾಡದಲ್ಲಿ ಕಾಯಂ ಆಗಿದೆ.

ಆರಂಭದ ವರ್ಷಗಳಲ್ಲಿ ಸಂಪಾದನೆ ಕಡಿಮೆ. ಬಡ ಮನೆಯ ಮಕ್ಕಳು ಕರಿಕೋಟು ಬಿಟ್ಟು ಬೇರೆ ಕೆಲಸ ಹಿಡಿಯುವುದು ಆಗಲೇ. ದಾನಿಗಳು ಕಾಲೇಜು ಶುಲ್ಕದ ಜೊತೆಗೆ ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ವಿನಂತಿಸುತ್ತೇವೆ. ಪೋಷಕರು ಹೆಣ್ಣುಮಕ್ಕಳ ಅರ್ಜಿಯನ್ನೂ ತಪ್ಪದೆ ಕಳುಹಿಸಲಿ.